ಗಾಡಿಯ ಹಿಂದಿನ ಹೆಸರು

ಹೊಸ ಅಗ್ರಹಾರ
12 ಫೆಬ್ರವರಿ 2025

ಹರ್ಷಿತಾಳಿಗೆ,

ಇನ್ನು ನಿನ್ನ ಜೊತೆ ಮಾತಾಡುವುದಿಲ್ಲ ಎಂದು ಶೋರೂಮಿನ ಬಾಗಿಲಲ್ಲೇ ಹೇಳಿ ಬಂದಿದ್ದೇನೆ. ಅದರಲ್ಲಿ ಬದಲಾವಣೆ ಇಲ್ಲ. ಬರೆಯುವುದಿಲ್ಲ ಎಂದು ಹೇಳಿರಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಅದೂ ಗಾಡಿಯ ವಿಷಯಕ್ಕಷ್ಟೇ. ನೀನು ಫೋನು ಮಾಡಿದರೆ ನಿಮ್ಮಮ್ಮನ ಕೈಗೆ ಕೊಡುತ್ತೇನೆ.

ಹರೆಯದಿಂದ ಸ್ಟೇರಿಂಗ್ ಹಿಡಿದವನು ನಾನು. ಹೊಸ ಗಾಡಿಯ ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಪೂಜೆ ಮುಗಿದು, ಕೀ ನನ್ನ ಕೈಗೆ ಬಂದ ಮೇಲೆ ಅಷ್ಟು ಜನರ ಎದುರು ನೀನು ಕಿತ್ತುಕೊಂಡೆ. "ಅಪ್ಪಂಗೆ ಕಣ್ ಕಾಣಲ್ಲ" ಎಂದು ಆ ಟೈ ಕಟ್ಟಿದ ಹುಡುಗನಿಗೆ ಹೇಳಿದೆ. ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸುವುದಕ್ಕೆ ಎಷ್ಟು ಕಣ್ಣು ಬೇಕು? ಪೊರೆ ಬಂದಿದೆ, ಲೈಸೆನ್ಸ್ ರಿನ್ಯೂ ಆಗಲಿಲ್ಲ, ಎಲ್ಲ ನನಗೂ ಗೊತ್ತು. ಒಂದು ಮಾರು ಮುಂದಕ್ಕೆ ಹೋಗಿ ನಾನೇ ಇಳಿಯುತ್ತಿದ್ದೆ. ಹೋಗಲಿ ಬಿಡು.

ಈಗ ಕೆಲಸದ ಮಾತು. ಕಂಪನಿಯಿಂದ ಬಂದ ಹಾಗೇ ಪಿಕಪ್ ಓಡಿಸುವುದು ಅವಿವೇಕ. ಮೊದಲು ಮುಂದಕ್ಕೆ ಕಬ್ಬಿಣದ ಗಾರ್ಡ್ ಹಾಕಿಸು. ಕಾಕನಕೋಟೆ ಕಡೆಯ ರಸ್ತೆಯಲ್ಲಿ ಹಂದಿ ಅಡ್ಡ ಬಂದರೆ ಆ ಪ್ಲಾಸ್ಟಿಕ್ ಮೂತಿ ಪುಡಿಯಾಗುತ್ತದೆ. ಆಮೇಲೆ ತೊಟ್ಟಿಯ ಸುತ್ತ ಎದೆಮಟ್ಟ ಬರುವ ಹಾಗೆ ಕಟಕಟೆ, ಟಾರ್ಪಾಲು ಕಟ್ಟುವುದಕ್ಕೆ ಕೊಂಡಿ, ಭಾರ ತಡೆಯುವುದಕ್ಕೆ ಹಿಂದಿನ ಕಮಾನಿಗೆ ಇನ್ನೊಂದು ಪಟ್ಟಿ. ಕ್ಯಾಬಿನ್ ಮೇಲೆ ಕ್ಯಾರಿಯರ್. ಮುಖ್ಯವಾಗಿ ಏರ್ ಹಾರ್ನ್. ಈಗಿರುವ ಹಾರ್ನ್ ಶೋರೂಮಿನಲ್ಲಿ ಕೇಳಿದೆ, ನೆಗಡಿಯಾದ ಮೇಕೆ ಕೂಗಿದ ಹಾಗಿದೆ.

ಎಲ್ಲವನ್ನೂ ಹುಣಸೂರಿನಲ್ಲೇ ಮಾಡಿಸು. ಮೈಸೂರಿನವರು ಬರೀ ಬಣ್ಣ ಬಳಿದು ಕಳಿಸುತ್ತಾರೆ.

ಇತಿ,
ಕರಿಯಯ್ಯ


ಅಂತರಸಂತೆ
27 ಫೆಬ್ರವರಿ 2025

ಅಪ್ಪನಿಗೆ,

ಕಾಗದವಾದ್ದರಿಂದ 'ನೀವು' ಎಂದು ಬರೆಯುತ್ತಿದ್ದೇನೆ. ಎದುರಿಗಿದ್ದಿದ್ದರೆ 'ನೀನು' ಎಂದೇ ಜಗಳ ಆಡುತ್ತಿದ್ದೆ.

ನಿಮ್ಮ ಮಾತು ಮೀರಬಾರದು ಎಂದು ಮೊದಲು ಗಾರ್ಡೇ ಹಾಕಿಸಿದೆ. ಹುಣಸೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಇಡೀ ದಿನ ಕೂತಿದ್ದೆ. ಗಟ್ಟಿಯಾದ ಪೈಪು, ಕಪ್ಪು ಬಣ್ಣ, ನೋಡುವುದಕ್ಕೆ ಗೂಳಿಯ ಹಾಗಾಯಿತು ಗಾಡಿ. ಸಂಜೆ ವಾಪಸ್ ಅಂತರಸಂತೆಗೆ, ಚಿಕ್ಕಬೀರಮ್ಮತ್ತೆಯ ಮನೆಗೆ ಬಂದು ಚಾರ್ಜಿಗೆ ಹಾಕೋಣವೆಂದರೆ ಮುಚ್ಚಳವೇ ತೆರೆಯದು. ಈ ಕರೆಂಟಿನ ಗಾಡಿಗೆ ಚಾರ್ಜಿಂಗ್ ಮುಚ್ಚಳ ಇರುವುದು ಮೂತಿಯಲ್ಲಿ, ನಂಬರ್ ಪ್ಲೇಟಿನ ಮೇಲೆ. ಅದಕ್ಕೇ ಸರಿಯಾಗಿ ಅಡ್ಡ ಬಂದಿದೆ ನಿಮ್ಮ ಪೈಪು. ನೀವು ಅವತ್ತು ಕೋಪ ಮಾಡಿಕೊಂಡು ಬಸ್ಸು ಹತ್ತದೆ ಗಾಡಿಯ ಸುತ್ತ ಒಂದು ಸಲ ಬಂದಿದ್ದರೆ ಗೊತ್ತಾಗುತ್ತಿತ್ತು. ಅತ್ತೆ ಟಾರ್ಚ್ ಹಿಡಿದುಕೊಂಡು, "ಬಾಯ್ಗೇ ಕುಕ್ಕೆ ಕಟ್ಸಿದ್ದೀಯಲ್ಲೇ, ಅದು ಉಣ್ಣೋದೆಂಗೆ?" ಎಂದರು. ಮಾರನೆಯ ದಿನ ಕಾಡಂಚಿನ ಹಾಡಿಗಳ ಕಡೆಯಿಂದ ಬಂದ ಸೊಪ್ಪು, ಬೀನ್ಸು ಎಲ್ಲ ಅಂಗಳದಲ್ಲೇ ಬಾಡಿತು. ನಾನು ಬೇರೆ ಗಾಡಿಯವರ ಕೈಕಾಲು ಹಿಡಿದು ಮೈಸೂರು ಮಾರ್ಕೆಟ್ಟಿಗೆ ಕಳಿಸಬೇಕಾಯಿತು. ಗಾರ್ಡನ್ನು ಗರಗಸದಲ್ಲಿ ಕೊಯ್ಸಿ ಹಾಕಿದೆ.

ಕಟಕಟೆ, ಕ್ಯಾರಿಯರ್, ಕಮಾನು ಪಟ್ಟಿ, ಇವೆಲ್ಲ ಬರೀ ಕಬ್ಬಿಣ ಅಪ್ಪ. ಡೀಸೆಲ್ ಗಾಡಿಗೆ ಭಾರ ಹೆಚ್ಚಾದರೆ ಸ್ವಲ್ಪ ಹೊಗೆ ಜಾಸ್ತಿ ಬಿಟ್ಟುಕೊಂಡು ಹೋಗುತ್ತಿತ್ತು. ಇದು ದಾರಿಯಲ್ಲೇ ಕೂತುಬಿಡುತ್ತದೆ. ಏರ್ ಹಾರ್ನಿಗೆ ವೈರು ಕತ್ತರಿಸಿದರೆ ವಾರಂಟಿ ಇಲ್ಲ ಎಂದು ಕಂಪನಿಯವರು ಮೊದಲೇ ಹೇಳಿದ್ದಾರೆ.

ಕಣ್ಣಿನ ಆಪರೇಷನ್ ವಿಷಯ ನೀವು ಒಂದು ಅಕ್ಷರವನ್ನೂ ಬರೆದಿಲ್ಲ. ಯಾವಾಗ ಕರೆದುಕೊಂಡು ಹೋಗಲಿ?

ನಿಮ್ಮ ಮಗಳು,
ಹರ್ಷಿತಾ


ಹೊಸ ಅಗ್ರಹಾರ
9 ಮಾರ್ಚ್ 2025

ಹರ್ಷಿತಾಳಿಗೆ,

ಮೂತಿಯಲ್ಲಿ ಬಾಯಿ ಇಟ್ಟವನು ಯಾವನೋ, ಅವನಿಗೆ ಹೇಳಬೇಕು. ಡೀಸೆಲ್ ಟ್ಯಾಂಕು ಪಕ್ಕದಲ್ಲಿರುತ್ತದೆ, ಪ್ರಪಂಚಕ್ಕೇ ಗೊತ್ತು. ವೆಲ್ಡಿಂಗ್ ಅಂಗಡಿಯಲ್ಲಿ ಇಡೀ ದಿನ ಕೂತಿದ್ದೆಯಂತಲ್ಲ, ಕೂತು ಏನು ನೋಡುತ್ತಿದ್ದೆ? ಬಾಯಿ ಬಿಟ್ಟು ಕೊಯ್ಯುವ ಹಾಗೆ ಅಳತೆ ಕೊಡಬೇಕಿತ್ತು. ಒಳ್ಳೆಯ ಪೈಪನ್ನು ಕೊಯ್ಸಿ ಹಾಕಿದ್ದಾಳಂತೆ. ಓದಿ ನನಗೆ ಊಟ ಸೇರಲಿಲ್ಲ.

ವಾರಂಟಿ ವಾರಂಟಿ ಎಂದು ನನ್ನನ್ನು ಹೆದರಿಸಬೇಡ. ನನ್ನ ಹಳೆಯ ಗಾಡಿಗೆ ವಾರಂಟಿ ಮುಗಿದ ಮೇಲೇ ನೀನು ಹುಟ್ಟಿದ್ದು. ಅದರ ತೊಟ್ಟಿಯಲ್ಲಿ ಕೂತು ನೀನು ಸ್ಕೂಲಿಗೆ ಹೋಗಿದ್ದು. ನನ್ನನ್ನು ಒಂದು ಮಾತು ಕೇಳದೆ ಅದನ್ನು ಗುಜರಿಗೆ ತೂಕ ಹಾಕಿದೆ.

ಹಾರ್ನ್ ಮಾತ್ರ ಬಿಡುವಂತಿಲ್ಲ. ನಿನ್ನ ಗಾಡಿಗೆ ಇಂಜಿನ್ನೇ ಇಲ್ಲ. ಬರುವುದು ಯಾರಿಗೂ ಗೊತ್ತಾಗುವುದಿಲ್ಲ. ರಸ್ತೆಯಲ್ಲಿ ಕಣ್ಣಿಲ್ಲದವರು, ಕಿವಿಯಿಂದ ದಾರಿ ನೋಡುವವರು ಇರುತ್ತಾರೆ. ಅವರ ಗತಿ ಏನು ಎಂದು ಯೋಚನೆ ಮಾಡು.

ನಾನು ಹೇಳಿದ್ದು ರಸ್ತೆಯ ಜನದ ಮಾತು, ನನ್ನದಲ್ಲ. ಆಪರೇಷನ್ ಬಗ್ಗೆ ಬರೆಯುವುದಕ್ಕೇನಿದೆ? ಕಣ್ಣು ಬಂದರೂ ಕೀ ಕೊಡುವವರಿಲ್ಲ. ಕೀ ಇಲ್ಲದ ಮೇಲೆ ಕಣ್ಣು ಇಟ್ಟುಕೊಂಡು ಏನು ನೋಡಲಿ? ದಾರಿ ಗೊತ್ತಿರುವ ಹಿತ್ತಿಲು, ದಾರಿ ಗೊತ್ತಿರುವ ನಾಲೆ ಏರಿ. ನನಗೆ ಅಷ್ಟು ಸಾಕು.

ಇತಿ,
ಕರಿಯಯ್ಯ


ಅಂತರಸಂತೆ
10 ಏಪ್ರಿಲ್ 2025

ಅಪ್ಪನಿಗೆ,

ಯುಗಾದಿಗೆ ಅಷ್ಟು ದೂರದಿಂದ ಬಂದೆ. ಗಾಡಿಯನ್ನು ಅಂಗಳದಲ್ಲೇ ನಿಲ್ಲಿಸಿದ್ದೆ. ನೀವು ಹಿತ್ತಿಲ ಕಡೆ ಬೆನ್ನು ಹಾಕಿ ಕೂತಿದ್ದಿರಿ, ತಿರುಗಿ ನೋಡಲಿಲ್ಲ. ನಾನೂ ಹಠಕ್ಕೆ ಕರೆಯಲಿಲ್ಲ. ಒಬ್ಬಟ್ಟು ತಿಂದು ಎದ್ದು ನೋಡುತ್ತೇನೆ, ನಾಲೆ ಏರಿ ಮೇಲೆ ಹೊರಟುಬಿಟ್ಟಿದ್ದೀರಿ. ಸಂಜೆ ಕಾಡಿನ ರಸ್ತೆ ಮುಚ್ಚುವುದರೊಳಗೆ ಊರು ಸೇರಬೇಕು, ಎಷ್ಟು ಹೊತ್ತು ಕಾಯಲಿ? ದಾರಿಯುದ್ದಕ್ಕೂ ಸಿಟ್ಟು ಬಂತು, ಅಳುವೂ ಬಂತು. ಮಾತು ಬಿಟ್ಟವರು ಮುಖವನ್ನೂ ಬಿಡಬೇಕೆಂದು ಎಲ್ಲಿದೆ?

ಗಾಡಿಗೆ ನನಗೆ ಬೇಕಾದದ್ದನ್ನು ನಾನು ಹಾಕಿಸಿಕೊಂಡಿದ್ದೇನೆ. ತೊಟ್ಟಿಗೆ ರಬ್ಬರ್ ಹಾಸು, ಟೊಮೆಟೊ ಕ್ರೇಟು ಜಾರುವುದಿಲ್ಲ. ಮೇಲಕ್ಕೆ ಹಸಿರು ನೆರಳು ಬಲೆ. ಅದರ ಕೆಳಗೆ ಒದ್ದೆ ಗೋಣಿ ಹೊದಿಸಿದರೆ ಸೊಪ್ಪು ಮೈಸೂರಿನವರೆಗೆ ತಾಜಾ ಇರುತ್ತದೆ. ಭಾರವೂ ಇಲ್ಲ. ಇದಕ್ಕೇನು ಹೆಸರಿಡುತ್ತೀರೋ ಇಡಿ.

ಹಾರ್ನಿನ ವಿಷಯದಲ್ಲಿ ನೀವು ಹೇಳಿದ್ದು ಸರಿಯೇ. ಸಂತೆಯ ದಿನ ಒಬ್ಬ ಅಜ್ಜನ ಬೆನ್ನ ಹಿಂದೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ತಿರುಗಿದವನು ಎಗರಿಬಿದ್ದು, "ಕಳ್ಳಿ ಬಂದಂಗೆ ಬತ್ತೀಯಲ್ಲವ್ವ, ಎದೆ ಒಡ್ದೋಗಲ್ವಾ?" ಎಂದು ಬೈದ. ಕಂಪನಿಯವರನ್ನೇ ಕೇಳಿ, ಅವರ ಕೈಯಲ್ಲೇ ಸ್ವಲ್ಪ ಜೋರಾದ ಹಾರ್ನ್ ಹಾಕಿಸಿದ್ದೇನೆ.

ಇನ್ನೊಂದು. ಎಡಗಡೆ ಬಾಗಿಲಿಗೆ ತಗ್ಗಿನ ಮೆಟ್ಟಿಲು ಹಾಕಿಸಿ, ಒಳಗೆ ಹಿಡಿದು ಹತ್ತುವುದಕ್ಕೆ ಹಿಡಿಕೆ ಇಡಿಸಿದ್ದೇನೆ. ಮಂಡಿ ನೋವಿರುವವರಿಗೆ, ಮೆಟ್ಟಿಲು ಕಾಣದವರಿಗೆ ಅನುಕೂಲ. ಯಾರಿಗೆ ಎಂದು ಕೇಳಬೇಡಿ.

ಪೊರೆ ಬಲಿತರೆ ಕಷ್ಟ ಎಂದು ಡಾಕ್ಟರು ಹೇಳಿ ಎಷ್ಟು ತಿಂಗಳಾಯಿತು ನಿಮಗೇ ಗೊತ್ತು.

ಹರ್ಷಿತಾ


ಹೊಸ ಅಗ್ರಹಾರ
18 ಮೇ 2025

ಹರ್ಷಿತಾಳಿಗೆ,

ಈ ಸಲ ನಿಮ್ಮಮ್ಮನ ಕೈಯಲ್ಲಿ ಬರೆಸುತ್ತಿದ್ದೇನೆ. ಇನ್‌ಲ್ಯಾಂಡ್ ಕಾಗದದಲ್ಲಿ ಗೆರೆ ಇಲ್ಲ, ಅದಕ್ಕೆ.

(ಅದಕ್ಕಲ್ಲ ಮಗಳೇ. ಬರೆದದ್ದರ ಮೇಲೇ ಮತ್ತೆ ಬರೆಯುತ್ತಿದ್ದರು, ನಾನು ಕಿತ್ತುಕೊಂಡೆ. ಇದನ್ನು ಅವರಿಗೆ ಓದಿ ಹೇಳುವುದಿಲ್ಲ. ಅಮ್ಮ.)

ಎಡಗಡೆ ಮೆಟ್ಟಿಲು ಹಾಕಿಸಿದ್ದು ವ್ಯರ್ಥ. ನಾನು ಎಡಗಡೆ ಕೂರುವವನಲ್ಲ. ಕ್ಲೀನರ್ ಆಗಿದ್ದಾಗ ಎಡಗಡೆ ಕೂತಿದ್ದೆ, ಅಲ್ಲಿಂದ ಬಲಗಡೆಗೆ ಬರುವುದಕ್ಕೆ ಪಟ್ಟ ಪಾಡು ನಿನಗೆ ಗೊತ್ತಿಲ್ಲ. ಈಗ ಮತ್ತೆ ಎಡಕ್ಕೆ ಹೋಗಿ ಕೂರು ಎಂದರೆ ಆಗುವುದಿಲ್ಲ.

ಯುಗಾದಿಯ ದಿನ ನಾನು ಬೆನ್ನು ಹಾಕಿ ಕೂತಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ಗಾಡಿ ಬರುವ ಸದ್ದಿಗೆ ಬೆಳಿಗ್ಗೆಯಿಂದ ಕಾಯುತ್ತಿದ್ದೆ. ಹಳೆಯ ಗಾಡಿಯಾಗಿದ್ದರೆ ಸೇತುವೆ ದಾಟುವಾಗಲೇ ಗೊತ್ತಾಗುತ್ತಿತ್ತು. ಇದು ಬಂದಿದ್ದೂ ಗೊತ್ತಾಗಲಿಲ್ಲ, ಹೋಗಿದ್ದೂ ಗೊತ್ತಾಗಲಿಲ್ಲ. ನೀನು ಬರಲೇ ಇಲ್ಲವೆಂದುಕೊಂಡು ಬೇಜಾರಾಗಿ ಏರಿ ಕಡೆ ಹೋದೆ. ಬಂದಿದ್ದಳು ಎಂದು ನಿಮ್ಮಮ್ಮ ಆಮೇಲೆ ಹೇಳಿದಳು.

ಗಾಡಿಗೆ ನೀನು ಏನೇನೋ ಹಾಕಿಸಿದೆ, ಹೆಸರನ್ನು ಮಾತ್ರ ಬರೆಸಿಲ್ಲ. ಹಿಂದಿನ ಹಲಗೆ ಬೋಳಾಗಿದೆ ಎಂದು ಕೇಳಿದೆ. ಹೆಸರಿಲ್ಲದೆ ಗಾಡಿ ರಸ್ತೆಗಿಳಿಯಬಾರದು. ಪಿರಿಯಾಪಟ್ಟಣದ ಪೇಂಟರ್ ಉಮಾಶಂಕರ ನನಗೆ ಹಳೆಯ ಪರಿಚಯ. ಅವನಿಗೆ ಹೆಸರನ್ನು ಫೋನಿನಲ್ಲಿ ನಾನೇ ಹೇಳಿದ್ದೇನೆ. ನೀನು ಏನೆಂದು ಕೇಳಬೇಡ, ನಿಮ್ಮಮ್ಮನಿಗೂ ಹೇಳಿಲ್ಲ. ಗಾಡಿ ತೆಗೆದುಕೊಂಡು ಹೋಗಿ ಅವನ ಅಂಗಡಿ ಮುಂದೆ ನಿಲ್ಲಿಸು, ಅವನಿಗೆ ಬುದ್ಧಿ ಹೇಳಬೇಡ. ಇದೊಂದನ್ನಾದರೂ ನನ್ನ ಇಷ್ಟದ ಹಾಗೆ ಬಿಡು.

ಇತಿ,
ಕರಿಯಯ್ಯ


ಅಂತರಸಂತೆ
22 ಜೂನ್ 2025

ಅಮ್ಮನಿಗೆ,

ಇದನ್ನು ಅಪ್ಪನಿಗೆ ಓದಿ ಹೇಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕಿಯೇ ಮಾತಾಡುತ್ತೀಯ.

ಪಿರಿಯಾಪಟ್ಟಣಕ್ಕೆ ಒಂದು ದಿನದ ಕೆಲಸ ಬಿಟ್ಟು ಹೋದೆ. ಅಪ್ಪ ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡು ಗಾಡಿ ಒಪ್ಪಿಸಿ, ಊಟಕ್ಕೆ ಹೋಗಿ ಬಂದೆ. ಉಮಾಶಂಕರಣ್ಣ ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಹಿಂದಿನ ಹಲಗೆಯ ತುಂಬ ಹಳದಿ ಅಕ್ಷರ, ಕೆಂಪು ನೆರಳು, ಆಚೆ ಈಚೆ ಒಂದೊಂದು ಭತ್ತದ ತೆನೆ. ಏನು ಬರೆದಿದ್ದಾನೆ ಗೊತ್ತಾ? 'ಅಕ್ಕಿ'.

ನಾನು ಕಣ್ಣುಜ್ಜಿಕೊಂಡು ನೋಡಿದೆ. "ಅಣ್ಣ, ಅಪ್ಪ ಇದ್ನೇ ಹೇಳಿದ್ದಾ?" ಎಂದು ಕೇಳಿದೆ. "ನಾನೂ ಎರಡು ಸಲ ಕೇಳ್ದೆ ಕಣವ್ವ, ಅಕ್ಕಿ ಕಣ್ಲಾ, ದೊಡ್ಡದಾಗಿ ಬರಿ ಅಂದ್ರು. ನಿಮ್ದು ಭತ್ತದ ಸೀಮೆಯಲ್ವಾ, ಅದ್ಕೆ ತೆನೆ ನಾನೇ ಸೇರಿಸ್ದೆ, ಅದಕ್ಕೆ ದುಡ್ಡು ಬ್ಯಾಡ" ಎಂದ. ಇದೊಂದನ್ನು ನನ್ನ ಇಷ್ಟಕ್ಕೆ ಬಿಡು ಎಂದು ಅಪ್ಪ ಬರೆದಿದ್ದು ನೆನಪಾಯಿತು, ಸುಮ್ಮನೆ ಬಂದೆ.

ಅವತ್ತಿನಿಂದ ನನ್ನ ಪಾಡು ಕೇಳಬೇಡ. ಎಚ್.ಡಿ. ಕೋಟೆಯಲ್ಲಿ ಚೀಲ ಹಿಡಿದುಕೊಂಡು ಹೆಂಗಸರು ಅಡ್ಡ ನಿಲ್ಲುತ್ತಾರೆ, "ಸಣ್ಣಕ್ಕಿ ಐತಾ, ದಪ್ಪಕ್ಕಿನಾ?" ಎನ್ನುತ್ತಾರೆ. ಚೆಕ್‌ಪೋಸ್ಟಿನಲ್ಲಿ ದಿನಾ ನಿಲ್ಲಿಸುತ್ತಾರೆ. ರೇಷನ್ ಅಕ್ಕಿ ಕದ್ದು ಸಾಗಿಸುವವರು ಗಾಡಿಯ ಹಿಂದೆ ಅಕ್ಕಿ ಎಂದು ಬರೆಸಿಕೊಂಡು ಹೋಗುತ್ತಾರಾ ಎಂದು ಕೇಳಿದರೆ, "ಅದೇ ನಿಮ್ ಉಪಾಯ ಇರಬೌದಲ್ಲಮ್ಮ" ಎಂದು ಬಲೆ ಬಿಚ್ಚಿಸಿ, ಗೋಣಿ ಎತ್ತಿಸಿ ನೋಡುತ್ತಾರೆ. ಅಷ್ಟರಲ್ಲಿ ಸೊಪ್ಪಿಗೆ ಬಿಸಿಲು ಬಡಿದಿರುತ್ತದೆ. ಮಾರ್ಕೆಟ್ಟಿನ ಹಮಾಲರು ನನ್ನನ್ನೇ 'ಅಕ್ಕಿ ಮೇಡಂ' ಎನ್ನುತ್ತಿದ್ದಾರೆ.

ಅಪ್ಪ ಯಾಕೆ ಹೀಗೆ ಮಾಡಿದರು? ನನ್ನನ್ನು ಆಡಿಕೊಳ್ಳುವುದಕ್ಕಾ? ಮೆಲ್ಲಗೆ ವಿಚಾರಿಸಿ ಬರೆ. ನನಗೆ ಸಾಕಾಗಿ ಹೋಗಿದೆ.

ನಿನ್ನ
ಹರ್ಷಿ


ಹೊಸ ಅಗ್ರಹಾರ
11 ಜುಲೈ 2025

ಹರ್ಷಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಓದಿ ಹಿತ್ತಿಲಿಗೆ ಹೋಗಿ ನಕ್ಕು ಬಂದೆ. ಆಮೇಲೆ ನಗು ನಿಂತುಹೋಯಿತು.

ನಿಮ್ಮಪ್ಪ ಮುದ್ದೆ ಉಣ್ಣುವಾಗ ಮೆಲ್ಲಗೆ ಕೇಳಿದೆ, ಗಾಡಿಗೆ ಏನು ಹೆಸರು ಹೇಳಿದಿರಿ ಎಂದು. ಮೊದಲು ಹೇಳಲಿಲ್ಲ. ಆಮೇಲೆ ತಾವೇ ಶುರು ಮಾಡಿದರು. "ಸದ್ದೇ ಮಾಡ್ದೆ ಬಂದು ಅಂಗಳದಲ್ಲಿ ಇಳೀತು, ಸದ್ದೇ ಮಾಡ್ದೆ ಆರೋಯ್ತು. ಒಗೆ ಇಲ್ಲ, ಗಲಾಟೆ ಇಲ್ಲ. ಅದು ಗಾಡಿ ಅಲ್ಲ ಕಣೆ, ಅಕ್ಕಿ. ನಮ್ ಅರ್ಸಿನೂ ಅಂಗೇ ಅಲ್ವಾ, ಅಕ್ಕಿಯಂಗೆ" ಎಂದರು. ಉಣ್ಣುತ್ತಿದ್ದ ಕೈ ಹಾಗೇ ನಿಂತಿತ್ತು.

ಅವರು ಹೇಳಿದ್ದು ಹಕ್ಕಿ, ಮಗಳೇ. ಈಗ ಬರೆಯುತ್ತಿರುವುದಕ್ಕೆ ನನ್ನ ಕೈಯಲ್ಲಿ ಹ ಬಂತು. ಬಾಯಿ ಬಿಟ್ಟಿದ್ದರೆ ನನಗೂ ಅಕ್ಕಿ ಎಂದೇ ಬರುತ್ತಿತ್ತು. ಅವರು ಕಾಗದ ಬರೆಯುವಾಗ ಹ ಎಲ್ಲಿಯೂ ಬಿಡುವುದಿಲ್ಲ, ಮೇಷ್ಟರು ಹೊಡೆದು ಕಲಿಸಿದ್ದಾರೆ. ಉಮಾಶಂಕರನಿಗೂ ಒಂದು ಕಾಗದ ಹಾಕಿದ್ದರೆ ಆಗುತ್ತಿತ್ತು. ಫೋನಿನಲ್ಲಿ ಹೇಳಿದರು. ಬರೆಯಬೇಕಾದವನ ಹತ್ತಿರ ಮಾತಾಡಿದರು, ಮಾತಾಡಬೇಕಾದವಳಿಗೆ ಬರೆಯುತ್ತಿದ್ದಾರೆ.

ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ. ನಿನ್ನೆ ಕರುವನ್ನು ನಾಯಿ ಎಂದು ಗದರಿಸಿದರು. ಆಪರೇಷನ್ ಎಂದರೆ ಎದ್ದು ಹೋಗುತ್ತಾರೆ. ಕತ್ತಿಗೆ ಹೆದರುವ ಪ್ರಾಣಿ ಅಲ್ಲ ಅದು. ಕಣ್ಣು ಬಂದ ಮೇಲೂ ಎಡಗಡೆಯೇ ಕೂರಬೇಕಲ್ಲ ಎಂಬ ಸಂಕಟ. ನಾನು ಹೇಳಿ ಹೇಳಿ ಸೋತೆ. ಹೆಸರು ತಪ್ಪಾಗಿದೆ ಎಂದು ಅವರಿಗೆ ಹೇಳಲಾ ಬೇಡವಾ?

ಇಂತಿ,
ವಿಮಲಮ್ಮ


ಅಂತರಸಂತೆ
3 ಆಗಸ್ಟ್ 2025

ಅಪ್ಪನಿಗೆ,

ಅಮ್ಮ ಇದನ್ನು ಪೂರ್ತಿ ಓದಿ ಹೇಳಲಿ, ಬಿಡಿಸಿ ಓದಲಿ.

ಗಾಡಿಗೆ ಹೆಸರು ಬರೆಸಿದೆ. ಉಮಾಶಂಕರಣ್ಣ ಹಳದಿ ಅಕ್ಷರದಲ್ಲಿ ಹಲಗೆ ತುಂಬ ಬರೆದಿದ್ದಾನೆ. ಆದರೆ ಅದರಲ್ಲಿ ಒಂದು ತಪ್ಪಾಗಿದೆ. ದಾರಿಯಲ್ಲಿ ಜನ ನಿಲ್ಲಿಸಿ ಕೇಳುತ್ತಾರೆ, ನಗುತ್ತಾರೆ. ಕೆ.ಆರ್. ನಗರದಿಂದ ಕೋಟೆಯವರೆಗೆ, ಕರಿಯಯ್ಯನ ಗಾಡಿಗೆ ಹೀಗಾ ಬರೆಯುವುದು ಎಂದು ನಿಮ್ಮ ಹಳೆಯ ಡ್ರೈವರ್ ಸ್ನೇಹಿತರೆಲ್ಲ ಆಡಿಕೊಂಡಿದ್ದಾರೆ. ಗುರುಪುರದ ಹತ್ತಿರ ಒಬ್ಬರು ಫೋಟೊ ಬೇರೆ ತೆಗೆದುಕೊಂಡರು.

ಏನು ತಪ್ಪು ಎಂದು ನಾನು ಬರೆಯುವುದಿಲ್ಲ. ಅಮ್ಮನೂ ಹೇಳುವುದಿಲ್ಲ, ಆಣೆ ಹಾಕಿಸಿದ್ದೇನೆ. ಅಳಿಸುವುದೂ ಇಲ್ಲ. ಹೆಸರು ನಿಮ್ಮದು, ಪೇಂಟರ್ ನಿಮ್ಮವನು. ನೀವೇ ಬಂದು, ನಿಮ್ಮ ಕಣ್ಣಿನಿಂದ ಓದಿ, ಇಂಥದ್ದು ತಪ್ಪು ಎಂದು ತೋರಿಸುವವರೆಗೆ ಅದು ಹಾಗೇ ಊರೂರು ಸುತ್ತುತ್ತದೆ.

ಕಣ್ಣಿನ ಡಾಕ್ಟರ ಹತ್ತಿರ ದಸರಾ ಕಳೆದ ಮೇಲೆ ಒಂದು ದಿನ ಕೊಡಿ ಎಂದು ಕೇಳಿದ್ದೇನೆ. ಬರುತ್ತೀರಾ ಇಲ್ಲವಾ, ಒಂದೇ ಮಾತು ಬರೆಯಿರಿ.

ನಿಮ್ಮ ಮಗಳು,
ಹರ್ಷಿತಾ


ಹೊಸ ಅಗ್ರಹಾರ
19 ಆಗಸ್ಟ್ 2025

ಹರ್ಷಿತಾಳಿಗೆ,

ನೀನು ನನ್ನ ಮಗಳೋ, ಹಗೆಯೋ? ತಪ್ಪು ಬರೆದ ಗಾಡಿಯನ್ನು ನಾಲ್ಕು ತಾಲ್ಲೂಕು ಮೆರವಣಿಗೆ ಮಾಡುತ್ತಿದ್ದೀಯ. ನನ್ನ ಗಾಡಿಯ ಹಿಂದೆ ಒಂದು ದಿನ ಕೆಸರು ಹತ್ತಿದ್ದರೂ ತೊಳೆಯದೆ ಊಟ ಮಾಡಿದವನಲ್ಲ ನಾನು.

ಉಮಾಶಂಕರನಿಗೆ ಫೋನು ಮಾಡಿ ಬೈದೆ. "ನೀವೇಳಿದ್ದೇ ಬರ್ದಿದ್ದೀನಿ ಕಣಣ್ಣ" ಎನ್ನುತ್ತಾನೆ. ಏನು ಬರೆದೆ ಹೇಳು ಎಂದರೆ ನಾನು ಹೇಳಿದ್ದನ್ನೇ ಸರಿಯಾಗಿ ಹೇಳುತ್ತಾನೆ. ಮತ್ತೆ ತಪ್ಪೆಲ್ಲಿ? ಒತ್ತಕ್ಷರ ಬಿಟ್ಟಿದ್ದಾನಾ? ಗುಡಿಸು ತಪ್ಪಿದೆಯಾ? ನಿಮ್ಮಮ್ಮನನ್ನು ಕೇಳಿದರೆ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋಗುತ್ತಾಳೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಬರುತ್ತೇನೆ. ಗಾಡಿಗೋಸ್ಕರ ಬರುತ್ತೇನೆ, ನಿನಗೋಸ್ಕರ ಅಲ್ಲ. ಮಾತಾಡುವುದಿಲ್ಲ ಎಂದಿದ್ದು ಹಾಗೇ ಇದೆ.

ಇತಿ,
ಕರಿಯಯ್ಯ

(ಮಗಳೇ, ಬರೆಸುವಾಗ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದರು. ಕೋಪಕ್ಕೋ ಹೆದರಿಕೆಗೋ ನನಗೆ ಗೊತ್ತಾಗಲಿಲ್ಲ. ಮನಸ್ಸು ಬದಲಾಗುವುದರೊಳಗೆ ಬಾ. ಅಮ್ಮ.)


ಮೈಸೂರು
15 ಅಕ್ಟೋಬರ್ 2025

ಅಮ್ಮನಿಗೆ,

ಆಪರೇಷನ್ ಚೆನ್ನಾಗಿ ಆಯಿತು ಎಂದು ಫೋನಿನಲ್ಲಿ ಹೇಳಿದೆನಲ್ಲ, ಅಪ್ಪ ಪಕ್ಕದಲ್ಲೇ ಇದ್ದರು, ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ. ಹಸು ಈಯುವ ದಿನ ಎಂದು ನೀನು ಬರಲಿಲ್ಲ. ಬರಬೇಕಿತ್ತು ಅಮ್ಮ. ನೀನು ನೋಡದೆ ಹೋದದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಅಂಗಳದಲ್ಲಿ ಅವರು ಗಾಡಿಯ ಹಿಂದಕ್ಕೆ ಹೋಗಿ ಹಲಗೆಗೆ ಮೂಗು ತಾಗಿಸಿ ನೋಡಿದ್ದು ನಿನಗೆ ನೆನಪಿದೆಯಲ್ಲ. ಹಳದಿ ಬಿಟ್ಟರೆ ಏನೂ ಕಾಣಲಿಲ್ಲ ಅವರಿಗೆ. ನನಗೆ ಆಗ ನಿಜವಾಗಿ ನಾಚಿಕೆಯಾಯಿತು. ಇಷ್ಟು ಕಾಣದ ಮನುಷ್ಯನನ್ನು ಇಷ್ಟು ಆಟ ಆಡಿಸಿದೆನಲ್ಲ ಎಂದು. ಬಲಗಡೆ ಬಾಗಿಲ ಹತ್ತಿರ ಬಂದು, ಹ್ಯಾಂಡಲ್ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಬಾನೆಟ್ಟು ಸವರಿಕೊಂಡೇ ಎಡಕ್ಕೆ ಬಂದರು. ಮೆಟ್ಟಿಲು ಕಾಲಿಗೆ ಸಿಕ್ಕಿತು, ಹಿಡಿಕೆ ಕೈಗೆ ಸಿಕ್ಕಿತು. ನಾನು ಎರಡನ್ನೂ ನೋಡದವಳ ಹಾಗೆ ಕನ್ನಡಿ ಒರೆಸುತ್ತಿದ್ದೆ.

ದಾರಿಯಲ್ಲಿ ನನ್ನ ಜೊತೆ ಮಾತಿಲ್ಲ. ಆದರೆ ಸುಮ್ಮನೆ ಕೂರುವುದಕ್ಕೆ ಆಗಬೇಕಲ್ಲ. ಡ್ಯಾಶ್‌ಬೋರ್ಡಿನ ಮಾದಪ್ಪನ ಫೋಟೊ ಹಿಡಿದುಕೊಂಡರು. "ಮಾದಪ್ಪ, ಬಲಗಡೆಯಿಂದ ಬಸ್ಸು ಬತ್ತಾ ಅದೆ, ಅವಳ್ಗೊಸಿ ಏಳಪ್ಪ." "ಮಾದಪ್ಪ, ಮುಂದೆ ಅಂಪ್ ಐತೆ, ಗೇರ್ ಇಳ್ಸು ಅನ್ನು." ನಾನೂ ಬಿಡಲಿಲ್ಲ. "ಮಾದಪ್ಪ, ಈ ಗಾಡೀಲಿ ಗೇರೇ ಇಲ್ಲ ಅಂತ ಅಪ್ಪಂಗೆ ಹೇಳು" ಎಂದೆ. ಎಲವಾಲದವರೆಗೆ ಮಾದಪ್ಪನಿಗೆ ಬಿಡುವಿರಲಿಲ್ಲ. ಇಳಿಜಾರಿನಲ್ಲಿ ಗಾಡಿ ಸದ್ದಿಲ್ಲದೆ ಜಾರುವಾಗ ಮಾತ್ರ ಅಪ್ಪ ಮಾದಪ್ಪನನ್ನು ಬಿಟ್ಟು, ಕಿಟಕಿಯ ಹೊರಗೆ ಕೈಯಿಟ್ಟು ಗಾಳಿ ನೋಡುತ್ತಿದ್ದರು.

ಆಪರೇಷನ್ ಆದ ಮಾರನೆಯ ದಿನ ಕಣ್ಣಿನ ಪಟ್ಟಿ ಬಿಚ್ಚಿದರು. ಡಾಕ್ಟರು ಗೋಡೆಯ ಅಕ್ಷರ ಓದಿಸಿದರು. ಅಪ್ಪ ದಡದಡ ಓದಿ, "ಸಾಕಾ ಸಾರ್, ಗಾಡಿ ನೋಡ್ಬೇಕಿತ್ತು" ಎಂದರು. ಕಪ್ಪು ಕನ್ನಡಕ ಹಾಕಿಸಿ ಕೈ ಹಿಡಿಯೋಣವೆಂದರೆ ನನಗಿಂತ ಮುಂದೆ ಮೆಟ್ಟಿಲು ಇಳಿಯುತ್ತಿದ್ದಾರೆ. ಆಸ್ಪತ್ರೆಯ ಅಂಗಳದಲ್ಲಿ ಗಾಡಿಯ ಹಿಂದೆ ಹೋಗಿ ನಿಂತರು. ಕನ್ನಡಕ ಸ್ವಲ್ಪ ಎತ್ತಿ ಓದಿದರು. ನನ್ನ ಕಡೆ ತಿರುಗಿದರು.

"ಇದ್ಯಾಕವ್ವ ಅಕ್ಕಿ ಅಂತ ಬರ್ದವ್ನೆ?"

"ನೀನೇ ಅಲ್ವಾಪ್ಪ ಹೇಳಿದ್ದು."

"ನಾನೆಲ್ಲಿ ಅಕ್ಕಿ ಅಂದೆ? ನಾನಂದಿದ್ದು ಅಕ್ಕಿ ಕಣವ್ವ. ಅಕ್ಕಿ."

"ಅದನ್ನೇ ಬರ್ದವ್ನಲ್ಲ."

"ಅಲ್ಲ ಕಣ್ ಮಗ. ಇದು ಅಕ್ಕಿ, ತಿನ್ನೋದು. ನಾನೇಳಿದ್ದು ಅಕ್ಕಿ, ಆರೋದು" ಎಂದು, ಕಪ್ಪು ಕನ್ನಡಕ ಹಾಕಿಕೊಂಡು, ಆಸ್ಪತ್ರೆಯ ಜನರೆಲ್ಲ ನೋಡುತ್ತಿರುವಾಗ, ಎರಡೂ ಕೈ ಅಗಲಿಸಿ ರೆಕ್ಕೆ ಬಡಿದು ತೋರಿಸಿದರು ಅಮ್ಮ.

ನನಗೆ ನಗು ಬಂತು, ನಗುತ್ತಲೇ ಅಳು ಬಂತು. ಅಪ್ಪನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ನನ್ನ ಜೊತೆ ಮಾತು ಬಿಟ್ಟಿರುವುದು ಅವರಿಗೆ ಆಗ ನೆನಪಾಗಿರಬೇಕು. ಕೈ ಇಳಿಸಿ, ಕ್ಯಾಬಿನ್ ಒಳಗೆ ಮಾದಪ್ಪನ ಕಡೆ ಒಂದು ಸಲ ನೋಡಿದರು. ಮಾದಪ್ಪನಿಗೆ ಏನೂ ಹೇಳಲಿಲ್ಲ. ಎಡಗಡೆಗೆ ಬಂದು, ಮೆಟ್ಟಿಲಿನ ವೆಲ್ಡಿಂಗ್ ಬಗ್ಗಿ ನೋಡಿ, "ಎಲ್ಲಿ ಮಾಡ್ಸಿದ್ದು? ಉಣ್ಸೂರಲ್ಲಾ? ಗಟ್ಟಿಯಾಗದೆ" ಎಂದು ನನಗೇ ಹೇಳಿದರು. ಹತ್ತಿ ಕೂತು, "ನಡಿ ಓಗದ" ಎಂದರು.

ಡಾಕ್ಟರು ಇನ್ನೊಂದು ಸಲ ಬಾ ಎಂದಿದ್ದಾರೆ, ಅದು ಮುಗಿದ ಮೇಲೆ ಊರಿಗೆ ಕರೆತರುತ್ತೇನೆ. ಇವತ್ತು ಬೆಳಿಗ್ಗೆಯಿಂದ ಬಾಯಿ ಮುಚ್ಚಿಲ್ಲ. ನನ್ನ ಹಸಿರು ಬಲೆ ಸರಿಯಿಲ್ಲವಂತೆ, ರಬ್ಬರ್ ಹಾಸು ಸರಿಯಿಲ್ಲವಂತೆ, ಕನ್ನಡಿ ತಿರುಗಿಸಿದ್ದು ಸರಿಯಿಲ್ಲವಂತೆ. ತಲೆ ಚಿಟ್ಟು ಹಿಡಿದುಹೋಗಿದೆ.

ನಿನ್ನ
ಹರ್ಷಿ


ಹೊಸ ಅಗ್ರಹಾರ
9 ನವೆಂಬರ್ 2025

ಪಿರಿಯಾಪಟ್ಟಣದ ಪೇಂಟರ್ ಉಮಾಶಂಕರನಿಗೆ,

ಈ ಸಲ ಫೋನಿನಲ್ಲಿ ಹೇಳುವುದಿಲ್ಲ. ನನ್ನ ಕೈಯಿಂದಲೇ ಬರೆದು ಕಳಿಸುತ್ತಿದ್ದೇನೆ, ಕಣ್ಣು ಬಿಟ್ಟು ಓದು.

ಮುಂದಿನ ಸೋಮವಾರ ಮಗಳು ಗಾಡಿ ತರುತ್ತಾಳೆ. ಎಡಗಡೆ ಸೀಟಿನಲ್ಲಿ ನಾನೂ ಇರುತ್ತೇನೆ. ಮೊದಲನೆಯ ಅಕ್ಷರ ಅಳಿಸಿ ಹ ಬರೆ. ಹಸುವಿನ ಹ, ಹರ್ಷಿತಾಳ ಹ. ಉಳಿದದ್ದನ್ನು ಮುಟ್ಟಬೇಡ. ಅಕ್ಷರ ದುಂಡಗಿದೆ, ಹಳದಿಯೂ ಒಪ್ಪುತ್ತದೆ, ನೋಡಿದ್ದೇನೆ.

ಆಚೆ ಈಚೆ ಇರುವ ಭತ್ತದ ತೆನೆ ಹಾಗೇ ಇರಲಿ. ಹಕ್ಕಿಗೂ ತಿನ್ನುವುದಕ್ಕೆ ಬೇಕಲ್ಲ.

ಇತಿ,
ಕರಿಯಯ್ಯ